ಮಧ್ಯಾಹ್ನದ ಮೀನು

ನಮ್ಮ ಮನೆಗೆ ಮೊಟ್ಟೆಯೂ ಬರುವ ಹಾಗಿಲ್ಲ. ಒಮ್ಮೆ ನೆಂಟರ ಹುಡುಗ ತಂದ ಕೇಕಿನಲ್ಲಿ ಮೊಟ್ಟೆ ಇದೆಯೋ ಇಲ್ಲವೋ ಎಂಬ ವಿಚಾರಣೆ ಮುಗಿಯುವಷ್ಟರಲ್ಲಿ ಕೇಕೇ ಒಣಗಿಹೋಗಿತ್ತು. ಇಂಥ ಮನೆಯ ಸೊಸೆ ನಾನು. ಹೋದ ತಿಂಗಳು ಒಂದು ಮಧ್ಯಾಹ್ನ, ಕುವೆಂಪುನಗರದ ನಮ್ಮ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಒಂದು ಇಡೀ ಮೀನನ್ನು ಬೆಣ್ಣೆಯಲ್ಲಿ ಅದ್ದಿ ಅದ್ದಿ ತಿಂದೆ. ಮುಳ್ಳೂ ಚುಚ್ಚಲಿಲ್ಲ, ಮೈಲಿಗೆಯೂ ಆಗಲಿಲ್ಲ.

ಬಡಿಸಿದವಳು ಜೂಲಿಯಾ ಚೈಲ್ಡ್. ಅಮೆರಿಕದವರಿಗೆ ಫ್ರೆಂಚ್ ಅಡುಗೆ ಕಲಿಸಿದಾಕೆ. ಆಕೆಯ 'ಮೈ ಲೈಫ್ ಇನ್ ಫ್ರಾನ್ಸ್' ಪುಸ್ತಕವನ್ನು ಕೊನೆಗಾಲದಲ್ಲಿ ಗಂಡನ ಅವಳಿ ಸಹೋದರನ ಮೊಮ್ಮಗನೊಬ್ಬ ಜೊತೆಗೆ ಕೂತು ಬರೆದ. ಅದು ಅಚ್ಚಾಗಿ ಬಂದದ್ದು 2006ರಲ್ಲಿ, ಆಕೆ ತೀರಿಕೊಂಡು ಹತ್ತಿರ ಹತ್ತಿರ ಎರಡು ವರ್ಷವಾದ ಮೇಲೆ. ಗಂಡನಿಗೆ ಪ್ಯಾರಿಸ್ಸಿನಲ್ಲಿ ಸರ್ಕಾರಿ ಕೆಲಸ. 1948ರ ನವೆಂಬರಿನಲ್ಲಿ ಇಬ್ಬರೂ ಹಡಗಿಳಿದು ಕಾರಿನಲ್ಲಿ ಹೊರಟು, ದಾರಿಯಲ್ಲಿ ರುವಾನ್ ಎಂಬ ಊರಿನಲ್ಲಿ ಊಟಕ್ಕೆ ನಿಲ್ಲುತ್ತಾರೆ. ಆಕೆಗೆ ಆಗ ಮೂವತ್ತಾರು. ಫ್ರೆಂಚ್ ಬಾರದು, ಅಡುಗೆಯೂ ಅಷ್ಟಕ್ಕಷ್ಟೆ. ಆ ಊಟದಲ್ಲಿ ಬಂದದ್ದೇ ಈ ಮೀನು, ಸೋಲ್. ಹಿಟ್ಟು ಸವರಿ, ಬೆಣ್ಣೆಯಲ್ಲಿ ಬೇಯಿಸಿ, ಮೇಲೆ ಕೆಂಪಗೆ ಕಾಯಿಸಿದ ಬೆಣ್ಣೆ ಸುರಿದದ್ದು. ಆಕೆಯ ಜನ್ಮವೇ ಆ ತಟ್ಟೆಯ ಮುಂದೆ ತಿರುಗಿಬಿಟ್ಟಿತು.

ಮೀನಿನ ರುಚಿ ನನಗೇನು ಗೊತ್ತು? ನಾನು ಒಳಗೆ ಹೋದದ್ದು ಬೆಣ್ಣೆಯ ಬಾಗಿಲಿಂದ. ಬೆಣ್ಣೆ ಕಾಯಿಸುವಾಗ ಮೊದಲು ಚಟಪಟ, ಆಮೇಲೆ ನೊರೆ, ಆಮೇಲೆ ಸದ್ದಡಗಿ ತಳದ ಗಸಿ ಹೊಂಬಣ್ಣಕ್ಕೆ ತಿರುಗುವಾಗ ಒಂದು ಗಳಿಗೆ ಬರುತ್ತದಲ್ಲ, ಬೀದಿಯವರೆಗೂ ಘಮ್ಮೆನ್ನುವ ಗಳಿಗೆ? ಫ್ರೆಂಚರು ಅಲ್ಲಿಗೇ ಇಳಿಸಿ ಗಸಿಯ ಸಮೇತ ಮೀನಿನ ಮೇಲೆ ಸುರಿಯುತ್ತಾರೆ. ನಾವು ಎರಡು ವೀಳ್ಯದೆಲೆ ಹಾಕಿ ಚುರ್ ಅನ್ನಿಸಿ, ಸೋಸಿ, ತುಪ್ಪ ಎನ್ನುತ್ತೇವೆ. ಗಸಿಗೆ ಬೆಲ್ಲ ಕಲಸಿ ಮಕ್ಕಳ ಕೈಗಿಡುತ್ತೇವೆ. ವ್ಯತ್ಯಾಸ ಅಷ್ಟೆ. ರುವಾನಿನ ಆ ಮೇಜಿನಿಂದ ನಮ್ಮ ಒಲೆಗೆ ಅರ್ಧ ನಿಮಿಷದ ದಾರಿ.

"ಏನೇ ಅದು, ಒಬ್ಬೊಬ್ಳೇ ನಗ್ತಾ ಇದ್ದೀ?" ಅಂದರು ಅತ್ತೆ. ಹೇಳಿದೆ.

"ಮೀನಾ! ರಾಮ ರಾಮ." ಹೂಬತ್ತಿ ಹೊಸೆಯುತ್ತಿದ್ದ ಕೈ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ, "ಬೆಣ್ಣೆ ಎಷ್ಟು ಹಾಕಿದ್ರಂತೆ?"

ಅಂದಿನಿಂದ ದಿನಾ ಮಧ್ಯಾಹ್ನ ನಮ್ಮ ಮನೆಯಲ್ಲಿ ಪುರಾಣ ಶುರುವಾಯಿತು. ಅತ್ತೆಗೆ ಮೊದಲು ಹಿಡಿಸಿದ್ದು ಜೂಲಿಯಾಳ ಎತ್ತರ. ಆರು ಅಡಿ ಎರಡು ಅಂಗುಲ! ಮಾಮೂಲಿ ಅಡುಗೆಕಟ್ಟೆ ಸೊಂಟಕ್ಕೆ ಸಾಲದೆ, ಅಮೆರಿಕದ ಸ್ವಂತ ಮನೆಯಲ್ಲಿ ಗಂಡ ಅದನ್ನು ಎತ್ತರಿಸಿಯೇ ಕಟ್ಟಿಸಿಕೊಟ್ಟನಂತೆ. ಆ ಅಡುಗೆಮನೆ ಈಗ ವಾಷಿಂಗ್ಟನ್ನಿನ ಮ್ಯೂಸಿಯಮ್ಮಿನಲ್ಲಿದೆ. ಪಾಂಡವಪುರದ ಕಡೆಯ ಹಳ್ಳಿಯಿಂದ ಮದುವೆಯಾಗಿ ಮೈಸೂರಿಗೆ ಬಂದ ನಮ್ಮತ್ತೆ ನಾಲ್ಕು ಅಡಿ ಹತ್ತು ಅಂಗುಲ. ನಲವತ್ತು ವರ್ಷದಿಂದ ಮಣೆ ಹತ್ತಿ ನಿಂತು ಒಗ್ಗರಣೆ ಹಾಕುತ್ತಿದ್ದಾರೆ. "ನಿಮ್ಮ ಮಾವ ಒಂದು ಇಟ್ಟಿಗೆ ತೆಗೆಸಿದ್ರೆ ಆಗ್ತಿತ್ತು" ಎಂದು ಅವರು ಹೇಳಿದ್ದು ಇದೇ ಮೊದಲು.

ಈ ಪುಸ್ತಕದ ಸುಖ ಇರುವುದು ಆಕೆಯ ಗೆಲುವಿನಲ್ಲಲ್ಲ, ಕೆಡಿಸಿದ ಅಡುಗೆಗಳಲ್ಲಿ. ಮೊಟ್ಟೆಯ ಹಳದಿಗೆ ಎಣ್ಣೆ ಕಡೆದು ಮಾಡುವ ಮೇಯೊನೇಸ್ ಒಡೆಯುವುದೇಕೆಂದು ತಿಳಿಯಲು ಮತ್ತೆ ಮತ್ತೆ ಮಾಡಿ, ತಿನ್ನಲಾರದೆ ಸಂಡಾಸಿಗೆ ಸುರಿದಳು. ಮುಂದೆ ಫ್ರೆಂಚ್ ಬ್ರೆಡ್ಡನ್ನು ಮನೆ ಒಲೆಗೆ ಒಗ್ಗಿಸಲು ಗಂಡಹೆಂಡಿರು ಖರ್ಚು ಮಾಡಿದ ಹಿಟ್ಟು 284 ಪೌಂಡು, ನಮ್ಮ ಲೆಕ್ಕದಲ್ಲಿ ನೂರಿಪ್ಪತ್ತೆಂಟು ಕಿಲೋ ದಾಟುತ್ತದೆ. ನಾನು ಮೂರು ದೀಪಾವಳಿ ಮೈಸೂರುಪಾಕು ಕೆಡಿಸಿದವಳು. ಮೊದಲ ಸಲ ಪಾಯಸ, ಎರಡನೇ ಸಲ ಪುಡಿ, ಮೂರನೇ ಸಲ ಕಲ್ಲು. ಒಮ್ಮೆಯಾದರೂ ಪಾಕ ಏಕೆ ಹಾಗಾಯಿತೆಂದು ಬರೆದಿಟ್ಟೆನೇ? ಇಲ್ಲ. ಕಡಲೆಹಿಟ್ಟು ಹಳೆಯದು ಎಂದು ಅಂಗಡಿಯವನನ್ನು ಬೈದೆ.

ಇನ್ನೊಂದು ಕಥೆಯಿದೆ. ಜೂಲಿಯಾ ಗೆಳತಿಯನ್ನು ಊಟಕ್ಕೆ ಕರೆದಳು. ಮೊಟ್ಟೆಯ ಅಡುಗೆಗೆ ಪಾಲಕ್ ಸಿಗದೆ ಚಿಕೋರಿ ಸೊಪ್ಪು ಹಾಕಿದಳು. (ಚಿಕೋರಿ ಎಂದರೆ ಮೈಸೂರಿನವರಿಗೆ ಕಾಫಿಪುಡಿ ಅಂಗಡಿಯ 'ಎಪ್ಪತ್ತು-ಮೂವತ್ತು' ಮಾತ್ರ, ಅದರ ಸೊಪ್ಪನ್ನೂ ಯಾರಾದರೂ ತಿಂದಾರು ಎಂದು ನನಗೆ ಹೊಳೆದೇ ಇರಲಿಲ್ಲ.) ಅಡುಗೆ ಬಾಯಿಗಿಡುವ ಹಾಗಿರಲಿಲ್ಲ. ಗೆಳತಿ ಕಷ್ಟಪಟ್ಟು ತಿಂದಳು. ಜೂಲಿಯಾ ಒಂದೇ ಒಂದು ಮಾತು 'ಕ್ಷಮಿಸು' ಎನ್ನಲಿಲ್ಲ. ಅಡುಗೆ ಮಾಡಿದವರು ಅದಕ್ಕಾಗಿ ಕ್ಷಮೆ ಕೇಳಬಾರದು ಎಂಬುದು ಆಕೆಯ ನೇಮ.

ಇದನ್ನು ಕೇಳಿ ಅತ್ತೆಗೆ ನಿಜಕ್ಕೂ ಆಘಾತವಾಯಿತು. ನಮ್ಮಲ್ಲಿ ಅಡುಗೆ ಚೆನ್ನಾಗಿದ್ದರೇ ಕ್ಷಮೆ ಕೇಳುವುದು. "ಏನೋ, ಹುಳಿ ಸ್ವಲ್ಪ ಮುಂದಾಯ್ತೇನೋ", "ಅವಸರದಲ್ಲಿ ಮಾಡಿದ್ದು, ಹೊಂದಿಸ್ಕೊಳಿ" ಎನ್ನದೆ ಎಲೆಗೆ ಒಂದು ಸೌಟು ಬೀಳುವುದಿಲ್ಲ. ಉಣ್ಣುವವರು "ಅಯ್ಯೋ, ಅಮೃತ" ಎನ್ನಬೇಕು. ಇದು ವಿನಯವಲ್ಲ, ವಸೂಲಿ.

ಪ್ರಯೋಗಕ್ಕೆ ಅವಕಾಶ ತಾನಾಗಿ ಬಂತು. ಓದುವ ಭರದಲ್ಲಿ ಈರನಗೆರೆ ಬದನೆಕಾಯಿ ಹುಳಿಗೆ ಎರಡು ಸಲ ಉಪ್ಪು ಬಿದ್ದಿತ್ತು. ಬಡಿಸಿದೆ, ಬಾಯಿ ಬಿಡಲಿಲ್ಲ. ನಮ್ಮ ಯಜಮಾನರು ಒಂದು ತುತ್ತು ತಿಂದು ನನ್ನನ್ನು ನೋಡಿದರು. ಎರಡನೇ ತುತ್ತಿಗೆ ಅವರಮ್ಮನನ್ನು ನೋಡಿದರು. ಅತ್ತೆ ಗಂಭೀರವಾಗಿ ಮಜ್ಜಿಗೆ ಪಾತ್ರೆಯನ್ನು ಮಗನ ಕಡೆ ಸರಿಸಿ, ನನ್ನತ್ತ ತಿರುಗಿದರು.

"ಅದಿರ್ಲಿ, ಅಡುಗೆ ಸ್ಕೂಲಿನ ಪರೀಕ್ಷೇಲಿ ಫೇಲಾಗಿದ್ಲಲ್ಲ ಆ ಉದ್ದದೋಳು, ಎರಡನೇ ಸಲ ಕಟ್ಟಿದ್ಲೇನೇ?"