ಮೃದಂಗದವರು ಸುಮ್ಮನೆ ಕೂರುವ ಹೊತ್ತು

ಕಳೆದ ಶನಿವಾರ ಇಂದಿರಾನಗರದ ಒಂದು ಪಬ್ಬಿನಲ್ಲಿ ಡಿಜೆಯಾಗಿ ಹಾಡು ಹಾಕುತ್ತಿದ್ದೆ. ರಾತ್ರಿ ಹನ್ನೊಂದೂಮುಕ್ಕಾಲರ ಹೊತ್ತಿಗೆ ಬೀಟ್ ನಿಲ್ಲಿಸಿ, ಒಂದೇ ಸ್ವರವನ್ನು ಅರಳೆಯಂತೆ ಹಿಂಜುತ್ತ ಹೋಗುವ ಆಂಬಿಯೆಂಟ್ ಟ್ರ್ಯಾಕ್ ಬಿಟ್ಟೆ. ಇಪ್ಪತ್ತು ಸೆಕೆಂಡು ಕಳೆದಿರಲಿಲ್ಲ, ಮ್ಯಾನೇಜರ್ ಏದುಸಿರು ಬಿಡುತ್ತ ಬಂದರು. "ಸರ್, ಸ್ಪೀಕರ್ ಹೋಯಿತೇ?"

ಅವರ ಮೇಲೆ ನನಗೆ ಕೋಪವಿಲ್ಲ. ಒಂದು ಗಂಟೆಗೆ ಬಾಗಿಲು ಹಾಕಬೇಕಾದ ಊರಿನಲ್ಲಿ ಅದು ವ್ಯಾಪಾರದ ಹೊತ್ತು. ಆದರೆ ನನ್ನ ಜೊತೆಯ ಡಿಜೆಗಳೂ ಇದೇ ರಾಗ ಹಾಡುತ್ತಾರೆ: ನಿಧಾನದ್ದು ಬೇಕಿದ್ದರೆ ಬಾಗಿಲು ತೆರೆದಾಗ ಹಾಕು, ಇಲ್ಲವೇ ಜನ ಬಿಲ್ ಕೇಳುವಾಗ ಹಾಕು, ನಡುವೆ ಮಾತ್ರ ಬೇಡ. ನಾನು ಒಪ್ಪುವುದಿಲ್ಲ.

1989ರಲ್ಲಿ ಲಂಡನ್ನಿನ ಹೆವನ್ ಕ್ಲಬ್ಬಿನಲ್ಲಿ ಡಿಜೆ ಅಲೆಕ್ಸ್ ಪ್ಯಾಟರ್ಸನ್ ಮತ್ತು ಗೆಳೆಯರು ಇಂಥ ಸಂಗೀತವನ್ನು ಬೇರೆಯೇ ಕೋಣೆಯಲ್ಲಿ ಹಾಕುತ್ತಿದ್ದರು. ಕುಣಿದು ದಣಿದವರು ಅಲ್ಲಿಗೆ ಹೋಗಿ ಕೂರಬಹುದಿತ್ತು. ಇಂದಿರಾನಗರದ ಬಾಡಿಗೆಯಲ್ಲಿ ಎರಡನೇ ಕೋಣೆ ಎಲ್ಲಿಂದ ತರೋಣ? ಶೌಚಾಲಯದ ಮುಂದಿನ ಸಾಲೇ ನಮ್ಮ ವಿಶ್ರಾಂತಿ ಕೋಣೆ. ಇರಲಿ, ಬೇರೆ ಕೋಣೆ ಸಿಕ್ಕರೂ ನನಗೆ ಬೇಡ. ಅದೇ ಜನ, ಅದೇ ನೆಲದ ಮೇಲೆ ಕೇಳಬೇಕು.

ಚಿಕ್ಕವನಿದ್ದಾಗ ಅಜ್ಜ ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದ ರಾಮನವಮಿ ಕಚೇರಿಗಳಿಗೆ ಕರೆದುಕೊಂಡು ಹೋಗುತ್ತಿದ್ದರು. ಚುರುಕಾದ ಕೃತಿಯೊಂದು ಮುಗಿದು ಚಪ್ಪಾಳೆ ಬಿದ್ದ ಮೇಲೆ ಗಾಯಕರು ಆಲಾಪನೆಗೆ ಇಳಿಯುತ್ತಿದ್ದರು. ಮೃದಂಗದವರು ವಾದ್ಯದ ಮೇಲೆ ಅಂಗೈ ಇಟ್ಟು ಸುಮ್ಮನೆ ಕೂರುತ್ತಿದ್ದರು. ತಂಬೂರಿ ಮಾತ್ರ ನಿಲ್ಲುತ್ತಿರಲಿಲ್ಲ. ಆಗ ಯಾರೂ ಎದ್ದು ಮೈಕ್ ಕೆಟ್ಟಿತೇ ಎಂದು ಕೇಳಿದ್ದನ್ನು ನಾನು ಕಾಣೆ. (ಜನ ಕಾಫಿಗೆ ಏಳುತ್ತಿದ್ದದ್ದು ತಾಳವಾದ್ಯದವರಷ್ಟೇ ನುಡಿಸುವ ತನಿ ಆವರ್ತನಕ್ಕೆ, ಅಂದರೆ ಬೀಟ್ ಬಂದಾಗ! ಅದು ಬೇರೆಯೇ ದುಃಖ.) ಕಚೇರಿಯ ನಟ್ಟನಡುವೆ ತಾಳವಿಲ್ಲದ ಅರ್ಧ ಗಂಟೆ ಕೂರಬಲ್ಲ ಊರಿಗೆ ನನ್ನ ನಾಲ್ಕು ನಿಮಿಷ ಭಾರವೇ?

ಆದರೆ ಕೈ ತಪ್ಪಿದರೆ ಮ್ಯಾನೇಜರ್ ಹೇಳಿದ್ದೇ ನಿಜವಾಗುತ್ತದೆ. ಮೊದಲ ಸಲ ನಾನು ಎರಡು ಟ್ರ್ಯಾಕುಗಳ ವೇಗವನ್ನು ತಾನೇ ಹೊಂದಿಸುವ ಸಿಂಕ್ ಗುಂಡಿ ಒತ್ತಿದ್ದೆ. ಬೀಟೇ ಇಲ್ಲದ ಟ್ರ್ಯಾಕಿಗೂ ಸಾಫ್ಟ್‌ವೇರ್ ತನಗೆ ತೋಚಿದ ಒಂದು ಬಿಪಿಎಂ (ನಿಮಿಷಕ್ಕೆ ಎಷ್ಟು ಬೀಟ್ ಎಂಬ ಲೆಕ್ಕ) ಅಂಟಿಸಿಬಿಡುತ್ತದೆ. ಅವತ್ತು ಅದು 87 ಎಂದಿತು. ಓಡುತ್ತಿದ್ದ ಹೌಸ್ ಶೈಲಿಯ ಕುಣಿತದ ಟ್ರ್ಯಾಕ್ 122. ಪಾಪದ ಸ್ವರವನ್ನು ಆ ವೇಗಕ್ಕೆ ಎಳೆದೊಯ್ದಾಗ, ವೇಗ ಬದಲಾದರೂ ಶ್ರುತಿ ಕಾಯುವ ಕೀ ಲಾಕ್ ಇದ್ದರೂ, ನೀರಿಗೆ ಬಿದ್ದ ಕ್ಯಾಸೆಟ್ಟಿನ ಹಾಗೆ ನಡುಗಿತು.

ಈಗ ಸಿಂಕ್ ಆರಿಸಿ, ವೇಗದ ಗೊಡವೆ ಬಿಟ್ಟು, ಶ್ರುತಿ ನೋಡುತ್ತೇನೆ. ಎರಡರ ಶ್ರುತಿ ಕೂಡಿದರೆ ಅರ್ಧ ಕೆಲಸ ಮುಗಿಯಿತು. ಆಂಬಿಯೆಂಟಿನ ಬೇಸ್ ಪೂರ್ತಿ ಇಳಿಸಿ, ಕುಣಿತದ ಟ್ರ್ಯಾಕಿನ ಕೆಳಗೆ ಎರಡು ನಿಮಿಷ ಮೊದಲೇ ತಂಬೂರಿಯಂತೆ ಹರಿಯಬಿಡುತ್ತೇನೆ, ಯಾರಿಗೂ ಗೊತ್ತಾಗುವುದಿಲ್ಲ. ಆಮೇಲೆ ಮೇಲಿನದನ್ನು ಎಂಟು ಬಾರ್‌ಗಳ, ಅಂದರೆ ಎಂಟು ಆವರ್ತಗಳ, ಲೂಪಿಗೆ ಹಾಕಿ, ಫಿಲ್ಟರ್ ತಿರುಗಿಸುತ್ತ ಕಿಕ್ಕನ್ನು, ಅಂದರೆ ದಪ್ಪ ಡ್ರಮ್ಮಿನ ಪೆಟ್ಟನ್ನು, ಸವೆಸುತ್ತೇನೆ. ಕೊನೆಗೆ ಉಳಿಯುವುದು ಹೈಹ್ಯಾಟ್ ಎಂಬ ಜೋಡಿ ತಟ್ಟೆಗಳ ಚಿಟಿಚಿಟಿ. ಅದಕ್ಕೆ ಒಂದಿಷ್ಟು ಎಕೋ, ದನಿ ಏರಿಳಿಸುವ ಫೇಡರ್ ಕೆಳಗೆ. ನಿಧಾನದ ಟ್ರ್ಯಾಕಿನಲ್ಲಿ 61ರ ಸುಮಾರಿನ ಮಿಡಿತವೇನಾದರೂ ಇದ್ದರೆ ಇನ್ನೂ ಸಲೀಸು: 122ಕ್ಕೆ ಅದು ನೇರ ಅರ್ಧ, ಸಂಗೀತಪಾಠದ ಮೊದಲ ಕಾಲಕ್ಕೂ ಅದರ ಇಮ್ಮಡಿ ವೇಗದ ಎರಡನೇ ಕಾಲಕ್ಕೂ ಇರುವ ನಂಟು.

ಕುಣಿತದ ಬೀಟಿಗೆ ಮರಳಿ ಬರುವುದು ಮಾತ್ರ ನನಗೆ ಇನ್ನೂ ಕೈಗೆ ಹತ್ತಿಲ್ಲ. ಕಿಕ್ ಒಮ್ಮೆಲೇ ಬಿದ್ದರೆ ನಿದ್ದೆಯಲ್ಲಿದ್ದವರ ಮುಖಕ್ಕೆ ನೀರು ಎರಚಿದ ಹಾಗೆ. ತಡವಾದರೆ ಜನ ಕುರ್ಚಿ ಹುಡುಕುತ್ತಾರೆ. ಶನಿವಾರ ಮ್ಯಾನೇಜರ್ ಪಕ್ಕದಲ್ಲೇ ನಿಂತು ಗಡಿಯಾರ ನೋಡುತ್ತಿದ್ದರು. ನಾನು ಹೆಡ್‌ಫೋನಿನಲ್ಲಿ ಮುಂದಿನ ಟ್ರ್ಯಾಕಿನ ಹೈಹ್ಯಾಟ್ ಹುಡುಕುತ್ತ ತಲೆ ಎತ್ತಿದರೆ, ಮುಂದಿನ ಸಾಲಿನಲ್ಲಿ ಕಣ್ಣು ಮುಚ್ಚಿ ನಿಂತಿದ್ದ ಹುಡುಗಿಯೊಬ್ಬಳು ತೊಡೆಯ ಮೇಲೆ ಬೆರಳುಗಳಿಂದ ತಾಳ ಹಾಕುತ್ತಿದ್ದಳು. ಫೇಡರನ್ನು ನಾನಿನ್ನೂ ಮುಟ್ಟಿರಲಿಲ್ಲ.