ಸದ್ದು! ಮೊಟ್ಟೆ ಇದೆ

ನಮ್ಮ ಶಾಲೆಯ ಲೈಬ್ರರಿ ಅಂದರೆ ಒಂದು ಹಳೇ ಕ್ಲಾಸ್‌ರೂಮು. ಎರಡು ಬೀರು, ನಾಲ್ಕು ಕಪಾಟು, ಒಂದು ಜಮಖಾನ, ಗೋಡೆಯ ಮೇಲೆ ‘ನಿಶ್ಶಬ್ದವಾಗಿರಿ’ ಅನ್ನುವ ಬೋರ್ಡು. ಆ ಬೋರ್ಡನ್ನು ಇಷ್ಟು ವರ್ಷದಲ್ಲಿ ಓದಿದವಳು ಬಹುಶಃ ನಾನೊಬ್ಬಳೇ. ದಿನಕ್ಕೆ ಇಪ್ಪತ್ತು ಸಲ ‘ಸದ್ದು!’ ಅನ್ನುವುದೇ ನನ್ನ ಮುಖ್ಯ ಕೆಲಸ. ಪುಸ್ತಕ ಕೊಡುವುದು ಆಮೇಲೆ.

ಇದೆಲ್ಲ ಶುರುವಾಗಿದ್ದು ಬಿಸಿಯೂಟದ ಹೊತ್ತಿನಲ್ಲಿ. ಊಟದ ಜೊತೆ ಬೇಯಿಸಿದ ಮೊಟ್ಟೆ ಕೊಡುತ್ತಾರಲ್ಲ, ಬೇಡ ಅಂದವರಿಗೆ ಬಾಳೆಹಣ್ಣು. ಮೂರನೇ ಕ್ಲಾಸಿನ ಹುಡುಗಿಯೊಬ್ಬಳು ಅರ್ಧ ಕಚ್ಚಿದ ಮೊಟ್ಟೆ ಹಿಡಿದುಕೊಂಡು ಬಂದು, “ಮಿಸ್, ಇದರೊಳಗೆ ಮರಿ ಇತ್ತಾ?” ಅಂದಳು. ಇಲ್ಲ ಕಣೇ, ಮೊಟ್ಟೆ ಫಾರಂನಲ್ಲಿ ಬರೀ ಹೇಂಟೆ ಸಾಕುತ್ತಾರೆ, ಹುಂಜ ಇಲ್ಲದೆ ಇಟ್ಟ ಮೊಟ್ಟೆ ಮರಿಯಾಗಲ್ಲ ಅಂದೆ. ಅಷ್ಟಕ್ಕೇ ನಿಲ್ಲಿಸಬೇಕಿತ್ತು. “ನಮ್ಮ ಅತ್ತೆ ಮನೇಲಿ ಹುಂಜ ಇದೆ” ಅಂತ ಸೇರಿಸಿಬಿಟ್ಟೆ.

ಅತ್ತೆ ಇರುವುದು ಮಾಗಡಿ ಹತ್ತಿರದ ಹಳ್ಳಿಯಲ್ಲಿ. ಹನ್ನೆರಡು ಮೊಟ್ಟೆ ಕೇಳಿದರೆ ಹನ್ನೊಂದು ಕೊಟ್ಟರು. ಕಾವಿಗೆ ಜೋಡಿ ಲೆಕ್ಕ ಇಡಬಾರದಂತೆ. ಭತ್ತದ ಹೊಟ್ಟಿನಲ್ಲಿ ಹುದುಗಿಸಿದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದೆ. ಮಾಗಡಿ ರಸ್ತೆಯ ಒಂದೊಂದು ಹಂಪಿನ ವಿಳಾಸವೂ ಆವತ್ತು ಗೊತ್ತಾಯಿತು. ಪ್ರಯಾಣ ಮಾಡಿದ ಮೊಟ್ಟೆಯನ್ನು ಚೂಪು ತುದಿ ಕೆಳಗೆ ಮಾಡಿ ಒಂದು ದಿನ ಸುಮ್ನೆ ಇಡಬೇಕು. ನಾನೂ ಒಂದು ದಿನ ಸುಮ್ನೆ ಬಿದ್ದುಕೊಂಡೆ.

ಕಾವಿನ ಪೆಟ್ಟಿಗೆ ನಾವೇ ಮಾಡಿದ್ದು. ಥರ್ಮಾಕೋಲ್ ಡಬ್ಬಿ, ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ತಂದ, ಬಿಸಿಯನ್ನು ಹದದಲ್ಲಿಡುವ ಥರ್ಮೋಸ್ಟಾಟು, ಕಂಪ್ಯೂಟರಿನ ಹಳೇ ಫ್ಯಾನು, ಒಂದು ಬಟ್ಟಲು ನೀರು. ಕಷ್ಟವಾಗಿದ್ದು ಬಲ್ಬಿಗೆ. ಈಗ ಎಲ್ಲಿ ನೋಡಿದರೂ ಎಲ್‌ಇಡಿ. ಅದು ಬೆಳಕು ಕೊಡುತ್ತದೆ, ಕಾವಿಗೆ ಸಾಲುವಷ್ಟು ಬಿಸಿ ಕೊಡಲ್ಲ. ತಂತಿ ಉರಿಯುವ ಹಳೇ ಬಲ್ಬಿಗಾಗಿ ಐದು ಅಂಗಡಿ ಸುತ್ತಿದೆ. ಲೈಬ್ರರಿಗಳಲ್ಲಿ ವಿಷಯಕ್ಕೊಂದು ನಂಬರು ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ಲೆಕ್ಕ ಅಂತ ಒಂದಿದೆ, ಅದರಲ್ಲಿ ಕೋಳಿ ಸಾಕಣೆಯ ಪುಸ್ತಕಗಳಿಗೆ 636.5 ಅನ್ನುವ ನಂಬರು. ನಮ್ಮಲ್ಲಿ ಆ ನಂಬರಿನ ಪುಸ್ತಕ ಒಂದೂ ಇರಲಿಲ್ಲ. ಆ ಖಾಲಿ ಜಾಗದಲ್ಲೇ ಪೆಟ್ಟಿಗೆ ಕೂರಿಸಿದೆ. ಪುಸ್ತಕಕ್ಕೆ 14 ದಿನದ ಗಡುವು, ಮೊಟ್ಟೆಗೆ 21 ದಿನ. ಡೇಟ್ ಸ್ಟಾಂಪ್ ಒತ್ತಿದ ಚೀಟಿಯನ್ನು ಡಬ್ಬಿಗೆ ಅಂಟಿಸಿದೆವು.

ಒಳಗೆ 37.5 ಡಿಗ್ರಿ ಇರಬೇಕು. ದಿನಕ್ಕೆ ಮೂರೋ ಐದೋ ಸಲ ಮೊಟ್ಟೆ ಹೊರಳಿಸಬೇಕು. ಇಲ್ಲದಿದ್ದರೆ ಒಳಗಿನ ಜೀವ ಚಿಪ್ಪಿನ ಪೊರೆಗೆ ಅಂಟಿಕೊಳ್ಳುತ್ತದೆ. ಬೆಸ ಲೆಕ್ಕ ಯಾಕೆಂದರೆ, ನಿನ್ನೆ ರಾತ್ರಿಯೆಲ್ಲ ಮೇಲಿದ್ದ ಮಗ್ಗುಲು ಇವತ್ತು ರಾತ್ರಿ ಕೆಳಗೆ ಬರುತ್ತದೆ. ಅತ್ತೆಯ ಹನ್ನೊಂದಕ್ಕೆ ಏನು ಕಾರಣವೋ, ಇದಕ್ಕಂತೂ ಇದೆ. ಪೆನ್ಸಿಲಿನಲ್ಲಿ ಒಂದು ಕಡೆ ಇಂಟು, ಇನ್ನೊಂದು ಕಡೆ ಸೊನ್ನೆ ಬರೆದೆವು. ಭಾನುವಾರದ ಪಾಳಿ ವಾಚ್‌ಮನ್ ಅಣ್ಣನಿಗೆ. ಸೋಮವಾರ ಬೆಳಿಗ್ಗೆ ಅವರು, “ಮೇಡಂ, ಎಲ್ಲಾ ಸೊನ್ನೆ” ಅಂತ ವರದಿ ಕೊಡುತ್ತಿದ್ದರು.

ಏಳನೇ ದಿನ ಕಿಟಕಿಗೆಲ್ಲ ಬೆಡ್‌ಶೀಟ್ ಕಟ್ಟಿ, ಮೊಬೈಲ್ ಟಾರ್ಚಿನ ಮೇಲೆ ಒಂದೊಂದೇ ಮೊಟ್ಟೆ ಇಟ್ಟು ನೋಡಿದೆವು. ಕೆಂಪು ನರಗಳ ಬಲೆ, ನಡುವೆ ಅಲ್ಲಾಡುವ ಕಪ್ಪು ಚುಕ್ಕೆ. ಮೂವತ್ತೆರಡು ಮಕ್ಕಳು, ಪಿಸುಮಾತೂ ಇಲ್ಲ. ನನ್ನ ಇಷ್ಟು ವರ್ಷದ ನೌಕರಿಯಲ್ಲಿ ಆ ಬೋರ್ಡಿನ ಮಾತು ನಡೆದಿದ್ದು ಆವತ್ತೇ ಮೊದಲು. ಎರಡು ಮೊಟ್ಟೆ ಮಾತ್ರ ಬಲ್ಬಿನ ಹಾಗೆ ಖಾಲಿ ಹೊಳೆದವು. ತೆಗೆದಿಟ್ಟೆ.

ಹನ್ನೆರಡನೇ ದಿನ ಕರೆಂಟ್ ಹೋಯಿತು. ಹತ್ತು ನಿಮಿಷಕ್ಕೇ ಒಬ್ಬಳು ಅಳಲು ಶುರು ಮಾಡಿದಳು. ನಾನು ಶಾಲು ಹುಡುಕುತ್ತಿದ್ದೆ. ಆಗ ಹಿಂದಿನಿಂದ ಒಬ್ಬ, “ಏನೂ ಆಗಂಗಿಲ್ರೀ ಟೀಚರ್, ಕೋಳಿನೂ ಕಾಳು ತಿನ್ನಾಕ ಎದ್ದು ಹೊಕ್ಕೈತಿ” ಅಂದ. ಕೊಪ್ಪಳದ ಕಡೆಯ ಹುಡುಗ. ಅಪ್ಪ ಅಮ್ಮ ಇಲ್ಲೇ ಕಟ್ಟಡದ ಕೆಲಸಕ್ಕೆ ಬಂದವರು. ಜೂನಿನಿಂದ ಅವನು ಬಾಯಿ ಬಿಟ್ಟಿದ್ದನ್ನೇ ನಾನು ಕೇಳಿರಲಿಲ್ಲ. ಅವನು ಹೇಳಿದ್ದು ನಿಜ. ತಾಯಿ ಕೋಳಿ ದಿನಾ ಸ್ವಲ್ಪ ಹೊತ್ತು ಎದ್ದು ಹೋಗಿಯೇ ಹೋಗುತ್ತದೆ, ಅಷ್ಟರಲ್ಲಿ ಮೊಟ್ಟೆ ಕೆಡಲ್ಲ. ಅರ್ಧ ಗಂಟೆಗೆ ಕರೆಂಟ್ ಬಂತು. ಆವತ್ತಿನಿಂದ ಅವನೇ ನಮ್ಮ ಕೋಳಿ ಡಾಕ್ಟರು. ನಾವು ನಾಟಿ ಕೋಳಿ ಅಂದರೆ ಅವನು ಜವಾರಿ ಕೋಳಿ ಅನ್ನುತ್ತಿದ್ದ. ಎರಡೇ ದಿನದಲ್ಲಿ ಕ್ಲಾಸಿಗೆ ಕ್ಲಾಸೇ ಜವಾರಿ ಅನ್ನತೊಡಗಿತು.

ನಾನು ಇನ್ನೊಂದು ತಪ್ಪು ಮಾಡಿದೆ. ಕಾವು ಕೂತ ಕೋಳಿ ಮೊಟ್ಟೆಗಳ ಜೊತೆ ಮಾತಾಡುತ್ತದೆ, ಕೊನೆಯಲ್ಲಿ ಒಳಗಿನ ಮರಿಯೂ ದನಿ ಕೊಡುತ್ತದೆ ಅಂತ ಹೇಳಿಬಿಟ್ಟೆ. ಮುಗೀತು. ತಾಯಿ ಇಲ್ಲವಲ್ಲ, ನಾವೇ ಮಾತಾಡಬೇಕು ಅಂತ ಸರದಿ ಹಾಕಿಕೊಂಡು ಡಬ್ಬಿಯ ಮುಂದೆ ಕೂತು ಕಥೆ ಓದತೊಡಗಿದರು, ಗಟ್ಟಿಯಾಗಿ. ಕ್ಲಾಸಿನಲ್ಲಿ ಒತ್ತಕ್ಷರ ಬಂದರೆ ನಿಂತುಬಿಡುವವರೂ ಇಲ್ಲಿ ನಿಲ್ಲಲಿಲ್ಲ. ಮೊಟ್ಟೆ ತಪ್ಪು ಹಿಡಿಯಲ್ಲ, ಅಲ್ವಾ? ಪಕ್ಕದ ಕ್ಲಾಸಿನ ಟೀಚರ್ ಬಂದು ಬೋರ್ಡಿನ ಕಡೆ ನೋಡಿ ನನ್ನ ಕಡೆ ನೋಡಿದರು. ನಾನು ರಿಜಿಸ್ಟರ್ ನೋಡಿಕೊಂಡೆ.

ಹದಿನೆಂಟನೇ ದಿನಕ್ಕೆ ಹೊರಳಿಸುವುದು ನಿಲ್ಲಿಸಿ, ಒದ್ದೆ ಬಟ್ಟೆ ಇಟ್ಟು ತೇವ ಜಾಸ್ತಿ ಮಾಡಿ ಮುಚ್ಚಳ ಹಾಕಿದೆವು. ಇನ್ನು ತೆಗೆಯುವಂತಿಲ್ಲ. ಇಪ್ಪತ್ತನೇ ದಿನ ಬೆಳಿಗ್ಗೆ ಕೊಪ್ಪಳದವನು ಕಿವಿ ಕೊಟ್ಟು ಕೂತಿದ್ದವನು ಎದ್ದು ಕೂಗಿದ, “ಟೀಚರ್, ಒಳಗ ಒದರಾಕತ್ತೈತ್ರೀ!”

ಹೌದು, ಚಿಂವ್ ಚಿಂವ್. ಮಧ್ಯಾಹ್ನ ಒಂದು ಚಿಪ್ಪಿನಲ್ಲಿ ಸಾಸಿವೆಯಷ್ಟು ತೂತು. ಮರಿಯ ಕೊಕ್ಕಿನ ತುದಿಯಲ್ಲಿ ಸಣ್ಣ ಮುಳ್ಳಿನಂಥದ್ದು ಇರುತ್ತದೆ, ಚಿಪ್ಪು ಒಡೆಯುವುದಕ್ಕೇ. ಕೆಲಸ ಮುಗಿದ ಮೇಲೆ ಉದುರಿಹೋಗುತ್ತದೆ. ತೂತು ಮಾಡಿದ ಮರಿ ಆಮೇಲೆ ಗಂಟೆಗಟ್ಟಲೆ ಸುಮ್ಮನಾಗಿಬಿಡುತ್ತದೆ. ಅದನ್ನು ನೋಡುವುದೇ ಹಿಂಸೆ. “ಸ್ವಲ್ಪ ಬಿಡಿಸಿಕೊಡೋಣ ಮಿಸ್” ಅಂತ ಒಂದೇ ಬೇಡಿಕೆ. ಬಿಡಿಸಬಾರದು. ಪೊರೆಯಲ್ಲಿನ ರಕ್ತ ಇನ್ನೂ ಮರಿಗೆ ಪೂರ್ತಿ ಸೇರಿರಲ್ಲ. ಬಿಡಿಸಿದರೆ ರಕ್ತ ಸುರಿದು ಸಾಯಬಹುದು. ನನ್ನ ಕೈ ಎರಡು ಸಲ ಮುಚ್ಚಳದ ತನಕ ಹೋಗಿ ಬಂತು ಅನ್ನುವುದು ಬೇರೆ ಮಾತು.

ಮರುದಿನ ಸಂಜೆಗೆ ಏಳು ಮರಿ. ಒದ್ದೆ ಚಿಂದಿಯಂತೆ ಬಿದ್ದಿದ್ದವು ಒಣಗಿ ಹತ್ತಿ ಉಂಡೆಯಾದವು. ಕಾಳು ಹಾಕಲು ಮಕ್ಕಳಿಗೆ ಅವಸರ. ಹಳದಿ ಲೋಳೆ ಹೊಟ್ಟೆಯೊಳಗೇ ಸೇರಿರುವುದರಿಂದ ಒಂದೆರಡು ದಿನ ಅವಕ್ಕೆ ಹಸಿವೇ ಇರಲ್ಲ. ಉಳಿದ ಎರಡು ಮೊಟ್ಟೆ ಒಡೆಯಲೇ ಇಲ್ಲ. ಇನ್ನೂ ಎರಡು ದಿನ ಕಾದು, ಹೊಂಗೆ ಮರದ ಕೆಳಗೆ ಹೂತೆವು. ಯಾರೂ ಏನೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಹತ್ತು ದಿನ ಲೈಬ್ರರಿಯಲ್ಲಿದ್ದು ಮರಿಗಳು ಮಾಗಡಿ ಬಸ್ಸು ಹತ್ತಿದವು. ಹೊರಡುವಾಗ ಆ ಮೊದಲ ಹುಡುಗಿ, “ನಿಮ್ಮ ಅತ್ತೆ ಸಾರು ಮಾಡಲ್ಲ ತಾನೇ?” ಅಂದಳು. ಅತ್ತೆಗೆ ಅಲ್ಲೇ ಫೋನ್ ಹಚ್ಚಿದೆ. “ಕೋಳಿ ಕೇಳಿ ಖಾರ ಅರೀತಾರಾ?” ಅಂತ ನಕ್ಕವರು, ಈ ಕಡೆಯ ಮೌನ ಕೇಳಿ, “ಇವನ್ನ ಮಾಡಲ್ಲ ಬಿಡಿ ಮಕ್ಕಳೇ” ಅಂದರು.

ಐದು ತಿಂಗಳಾಗಿದೆ. ಏಳರಲ್ಲಿ ಮೂರು ಹುಂಜ. ಶನಿವಾರದ ಲೈಬ್ರರಿ ಪೀರಿಯಡ್ಡಿಗೆ ಅತ್ತೆಯ ಫೋನ್ ಬರುತ್ತದೆ, ನಾನು ಸ್ಪೀಕರ್ ಹಾಕುತ್ತೇನೆ. ಹುಂಜಗಳು ಒಂದೊಂದು ಸಲ ಕೂಗುತ್ತವೆ, ಒಂದೊಂದು ಸಲ ಇಲ್ಲ. ಕೂಗದಿದ್ದ ದಿನ ಮಕ್ಕಳೇ ಇಲ್ಲಿಂದ “ಕೊಕ್ಕೊಕ್ಕೋ” ಅಂತ ಶುರು ಮಾಡುತ್ತಾರೆ, ಅವು ದನಿ ಕೊಡುವ ತನಕ.