ಸತ್ಯಾಂಶ: ಟೂತ್‌ಪೇಸ್ಟ್ ಉಜ್ಜಿದರೆ ಅಕ್ರಿಲಿಕ್ ಅಕ್ವೇರಿಯಂನ ಗೀರು ಹೋಗುತ್ತದೆಯೇ?

"ಮೀನಿನ ತೊಟ್ಟಿಗೆ ಗೀರು ಬಿದ್ದಿದೆಯೇ? ಒಳಗೂ ಹೊರಗೂ ಟೂತ್‌ಪೇಸ್ಟ್ ಹಚ್ಚಿ ಉಜ್ಜಿ, ಹೊಸದರಂತಾಗುತ್ತದೆ" ಎಂಬ ವಾಟ್ಸ್‌ಆ್ಯಪ್ ಸಂದೇಶ ಓಡಾಡುತ್ತಿದೆ. ಇದು ಅರ್ಧ ಸತ್ಯ.

ಪೇಸ್ಟ್‌ನಲ್ಲಿರುವ ನುಣ್ಣನೆಯ ಪುಡಿ ಅಕ್ರಿಲಿಕ್‌ನ (ಗಾಜಿನಂತೆ ಪಾರದರ್ಶಕವಾದ ಪ್ಲಾಸ್ಟಿಕ್) ಮೇಲ್ಮೈಯನ್ನು ತುಸು ಸವೆಸುತ್ತದೆ, ಕೂದಲೆಳೆಯಂಥ ಗೀರು ಮಾಸಬಹುದು. ಉಗುರು ಆಡಿಸಿದಾಗ ಸಿಕ್ಕಿಕೊಳ್ಳುವಷ್ಟು ಆಳದ ಗೀರಿಗೆ ಅದು ಸಾಲದು. ಅಲ್ಲಿ ನೀರು ಹಾಕುತ್ತಾ ಸ್ಯಾಂಡ್‌ಪೇಪರ್ ಉಜ್ಜಬೇಕು: 800ನೇ ನಂಬರಿನಿಂದ (ನಂಬರು ಹೆಚ್ಚಿದಷ್ಟೂ ಹಾಳೆ ನುಣುಪು) ಶುರುಮಾಡಿ 1500, 3000 ಹೀಗೆ ನುಣುಪಿನತ್ತ. ಪ್ರತಿ ಹಾಳೆಯೂ ಹಿಂದಿನದರ ಗುರುತನ್ನು ಪೂರ್ತಿ ಅಳಿಸಬೇಕು. ಅವಸರಪಟ್ಟರೆ ಮಬ್ಬು ಹಾಗೇ ಉಳಿಯುತ್ತದೆ. ಕೊನೆಗೆ ಪ್ಲಾಸ್ಟಿಕ್ ಪಾಲಿಶ್, ಅದೂ ಹೊರಮೈಗೆ ಮಾತ್ರ.

ಮೀನಿರುವ ತೊಟ್ಟಿಯ ಒಳಗೆ ಪೇಸ್ಟ್ ಬೇಡವೇ ಬೇಡ. ಅದರ ನೊರೆ ಬರಿಸುವ ಮಾರ್ಜಕ ಮೀನಿನ ಕಿವಿರುಗಳಿಗೆ ಹಾನಿಕರ. ಅಷ್ಟಕ್ಕೂ ಒಳಗಿನ ಸಣ್ಣ ಗೀರು ನೀರು ತುಂಬಿದ ಮೇಲೆ ಅಷ್ಟಾಗಿ ಕಾಣುವುದೂ ಇಲ್ಲ. ಅಕ್ರಿಲಿಕ್‌ನ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದರ ಅಳತೆ) ಸುಮಾರು 1.49, ನೀರಿನದು 1.33, ಗಾಳಿಯದು 1. ಗೀರಿನೊಳಗೆ ಗಾಳಿಯ ಬದಲು ನೀರಿದ್ದರೆ ಅಕ್ರಿಲಿಕ್‌ನೊಂದಿಗಿನ ಈ ಅಂತರ ತಗ್ಗುತ್ತದೆ, ಬೆಳಕು ಚದುರುವುದು ಕಡಿಮೆ.

ಗಾಜು ಒರೆಸುವ ಅಮೋನಿಯಾ ದ್ರಾವಣ, ಸ್ಪಿರಿಟ್ ಎರಡೂ ಅಕ್ರಿಲಿಕ್‌ಗೆ ಆಗಿಬರುವುದಿಲ್ಲ, ಸೂಕ್ಷ್ಮ ಬಿರುಕು ಬರುತ್ತದೆ. ಅಂದಹಾಗೆ, ಮನೆಯ ತೊಟ್ಟಿಗಳು ಬಹುಪಾಲು ಗಾಜಿನವು. ಅವಕ್ಕೆ ಈ ಸ್ಯಾಂಡ್‌ಪೇಪರ್ ಕ್ರಮ ಹೊಂದುವುದಿಲ್ಲ.